ಹಳೇ ಗಾಡಿಗೊಂದು ಕಟಾಫ್ ಸ್ವಿಚ್: ಇಳಿಜಾರಿನ ಊರಿಗೆ ಅದೊಂದೇ ಸಾಕೇ?

ಕೊಳ್ಳೇಗಾಲ ಮತ್ತು ಯಳಂದೂರಿನ ಬಯಲು ಮುಗಿದು ನೆಲ ಏರತೊಡಗುವ ಕಡೆಯಲ್ಲೆಲ್ಲ ಹಳೇ ಗಾಡಿಗೆ ಇನ್ನೂ ಮರ್ಯಾದೆಯಿದೆ. ಹನೂರು ದಾಟಿ ಮಾದಪ್ಪನ ಬೆಟ್ಟದ ಸುತ್ತಿನ ಕಾಡಂಚಿನ ಊರುಗಳಿಗೆ ಹೋಗುವ ಕಲ್ಲುದಾರಿಗೆ ಹೊಸ ಕಾರಿನ ತಳ ತಾಳುವುದಿಲ್ಲ, ಜೀಪೇ ಬೇಕು. ಬಯಲಿನ ಮನೆಗಳಲ್ಲಿ ಅಪ್ಪನ ಕಾಲದ ಅಂಬಾಸಿಡರ್, ಪದ್ಮಿನಿ, ಮೊದಮೊದಲ ಮಾರುತಿ 800 ಹುಲ್ಲಿನ ಮೆದೆಯ ಪಕ್ಕದ ಮಾಡಿನಲ್ಲಿ ನಿಂತಿರುವುದುಂಟು. ಈ ಗಾಡಿಗಳಿಗೆಲ್ಲ ಸಮಾನವಾದ ಒಂದು ದೌರ್ಬಲ್ಯವಿದೆ: ಇವನ್ನು ಕಟ್ಟಿದವರು ಕಳ್ಳನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವರಲ್ಲ. ಆ ಕೊರತೆಯನ್ನು ಕೆಲವು ನೂರು ರೂಪಾಯಿಯ ಒಂದು ಸ್ವಿಚ್ಚಿನಿಂದ ಬಹುಪಾಲು ತುಂಬಬಹುದು ಎಂಬುದು ಈ ಲೇಖನದ ವಾದ. ಆದರೆ ಆ ಸ್ವಿಚ್ಚು ಯಾವ ಎಂಜಿನ್ನಿಗೆ ಬೀಗವಾಗುತ್ತದೆ, ಯಾವುದಕ್ಕೆ ಬರೀ ಆಭರಣವಾಗುತ್ತದೆ ಎಂದು ತಿಳಿಯದೆ ಹಾಕಿಸಿದರೆ ಅದರಿಂದ ಸಿಗುವುದು ಹುಸಿ ಧೈರ್ಯ ಮಾತ್ರ.

ಮೊದಲು ಹಳೇ ಪೆಟ್ರೋಲ್ ಗಾಡಿ ಹೇಗೆ ಹೊರಡುತ್ತದೆ ನೋಡೋಣ. ಚಾವಿ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಇಗ್ನಿಷನ್ ಕಾಯಿಲ್‌ಗೆ ಹೋಗುತ್ತದೆ. ಡಿಸ್ಟ್ರಿಬ್ಯೂಟರ್‌ನೊಳಗಿನ ಪಾಯಿಂಟು ಕೂಡಿ ಬಿಡುವಾಗ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಇನ್ನೊಂದು ದಪ್ಪ ಕೇಬಲ್ಲು ಸೆಲ್ಫ್ ಮೋಟರನ್ನು ತಿರುಗಿಸುತ್ತದೆ. ಚಾವಿ ಇಲ್ಲಿ ಮಾಡುವುದು ಎರಡು ತಂತಿಗಳನ್ನು ಕೂಡಿಸುವ ಕೆಲಸವನ್ನಷ್ಟೆ. ನಲವತ್ತು ವರ್ಷ ತಿರುಗಿ ಸವೆದ ಚಾವಿಗುಂಡಿಗೆ ಯಾವುದೋ ಗಾಡಿಯ ಚಾವಿ ಹಾಕಿದರೂ ತಿರುಗುವುದು ಮೆಕ್ಯಾನಿಕ್ಕುಗಳಿಗೆ ಹೊಸ ಸುದ್ದಿಯಲ್ಲ. ಅದೂ ಬೇಡವೆಂದರೆ ಬಾನೆಟ್ ಎತ್ತಿ ಬ್ಯಾಟರಿಯಿಂದ ಕಾಯಿಲ್‌ಗೆ ಒಂದು ಮೊಳ ವೈರು ಎಳೆದರೆ ಚಾವಿಯ ಹಂಗೇ ಇಲ್ಲ. ಈಗಿನ ಕಾರುಗಳ ಮಾತು ಬೇರೆ. ಚಾವಿಯೊಳಗೆ ಒಂದು ಚಿಪ್ ಇರುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರು ಆ ಚಿಪ್ಪಿನ ಗುರುತು ಹಿಡಿಯದಿದ್ದರೆ ಇಂಧನವನ್ನೂ ಕಿಡಿಯನ್ನೂ ಬಿಡುವುದಿಲ್ಲ. ಇದನ್ನೇ ಇಮ್ಮೊಬಿಲೈಸರ್ ಎನ್ನುವುದು. ಹಳೇ ಗಾಡಿಯಲ್ಲಿ ಕಂಪ್ಯೂಟರೂ ಇಲ್ಲ, ಗುರುತು ಕೇಳುವವರೂ ಇಲ್ಲ.

ಹೊಸ ಗಾಡಿಗಳು ಭದ್ರವಾದರೆ ಹಳೆಯವಕ್ಕೇನು ತೊಂದರೆ ಎಂದು ಕೇಳಬಹುದು. ಇದಕ್ಕೆ ಉತ್ತರ ಯುರೋಪಿನ ಎರಡು ದೇಶಗಳ ಅನುಭವದಲ್ಲಿದೆ. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲಿ ಸ್ಟೇರಿಂಗ್ ಲಾಕನ್ನು ಕಡ್ಡಾಯ ಮಾಡಿತು. ಹೊಸ ಕಾರುಗಳಿಗೆ ಮಾತ್ರವಲ್ಲ, ಆಗಲೇ ರಸ್ತೆಯಲ್ಲಿದ್ದ ಹಳೆಯವಕ್ಕೂ. ಕಾರು ಕಳವು ಇಳಿಯಿತು, ಇಳಿದದ್ದು ಹಾಗೆಯೇ ನಿಂತಿತು. ಬ್ರಿಟನ್ 1971ರಲ್ಲಿ ಅದೇ ಲಾಕನ್ನು ಹೊಸ ಕಾರುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಅಲ್ಲಿನ ಗೃಹ ಇಲಾಖೆಯ ಸಂಶೋಧಕರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಂಡನ್ ಪೊಲೀಸ್ ವ್ಯಾಪ್ತಿಯಲ್ಲಿ ಕಳುವಾದ ವಾಹನಗಳ ಪೈಕಿ ಹೊಸವುಗಳ ಪಾಲು 1969ರಲ್ಲಿ ಸುಮಾರು ಐದರಲ್ಲಿ ಒಂದಿದ್ದದ್ದು 1973ರ ಹೊತ್ತಿಗೆ ಇಪ್ಪತ್ತರಲ್ಲಿ ಒಂದಕ್ಕೆ ಇಳಿದಿತ್ತು. ಕಳ್ಳರು ಕಸುಬು ಬಿಟ್ಟಿರಲಿಲ್ಲ, ಲಾಕಿಲ್ಲದ ಹಳೇ ಕಾರುಗಳ ಕಡೆ ತಿರುಗಿದ್ದರು. 1998ರಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾದ ಮೇಲೂ ಅದಿಲ್ಲದ ಕಾರುಗಳ ಮೇಲೆ ಕಳ್ಳರ ಕಣ್ಣು ಹೆಚ್ಚು ಬಿದ್ದುದನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಬೀದಿಯ ಉಳಿದ ಮನೆಗಳಿಗೆಲ್ಲ ಕಬ್ಬಿಣದ ಬಾಗಿಲು ಬಂದರೆ ತಟ್ಟಿ ಬಾಗಿಲಿನ ಮನೆಯವನಿಗೆ ಭಯ ಹೆಚ್ಚಬೇಕು. ನಮ್ಮಲ್ಲಿ ಹಳೇ ಗಾಡಿಗೆ ಲಾಕು ಹಾಕಿಸಿ ಎಂದು ಯಾವ ಸರ್ಕಾರವೂ ಹೇಳುತ್ತಿಲ್ಲ. ಜರ್ಮನಿಯ ಸರ್ಕಾರ ಮಾಡಿದ ಕೆಲಸವನ್ನು ಇಲ್ಲಿ ಒಡೆಯನೇ ಮಾಡಿಕೊಳ್ಳಬೇಕು.

‘ಈ ಗುಜರಿಯನ್ನು ಯಾರು ಕದೀತಾರೆ?’ ಎಂಬುದು ಮೊದಲ ಆಕ್ಷೇಪ. ಈ ಮಾತಿಗೆ ಹತ್ತಿಪ್ಪತ್ತು ವರ್ಷದ ಹಿಂದೆ ಬೆಲೆಯಿತ್ತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲೇ. ತಯಾರಿಕೆ ನಿಂತ ಗಾಡಿಯ ಎಷ್ಟೋ ಬಿಡಿಭಾಗ ಹೊಸದಾಗಿ ಹುಟ್ಟುವುದಿಲ್ಲ. ಇನ್ನೊಂದು ಗಾಡಿಯ ಮೈಯಿಂದಲೇ ಬರಬೇಕು. ಇತ್ತ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲೂ ಅತ್ತ ಕೊಯಮತ್ತೂರಿನ ಜಿ.ಡಿ. ಕಾರ್ ಮ್ಯೂಸಿಯಂನಲ್ಲೂ ಜನ ಟಿಕೆಟ್ ಕೊಂಡು ಹಳೇ ಕಾರು ನೋಡುವ ಕಾಲ ಇದು. ನಷ್ಟದ ಲೆಕ್ಕವೂ ಹಿಂದಿನಂತಿಲ್ಲ. ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಹಳೇ ಗಾಡಿಗೆ ಅಷ್ಟೇ ಸಾಕೆಂದು ಅದನ್ನೊಂದೇ ಕಟ್ಟಿಸುವವರು ಬಹಳ. ಆ ಪಾಲಿಸಿ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಹಣ ಕೊಡುತ್ತದೆ; ಗಾಡಿಯೇ ಕಾಣೆಯಾದರೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ಒಡೆಯ ಮಾತಾಡಿಕೊಂಡು ಒಪ್ಪಿರಬೇಕು. ರೇಷ್ಮೆಗೂಡು, ಬಾಳೆಗೊನೆ, ಮಕ್ಕಳು, ರೋಗಿ ಎಲ್ಲವನ್ನೂ ಹೊತ್ತು ತಿರುಗುವ ಜೀಪಿನ ನಿಜವಾದ ಬೆಲೆ ಯಾವ ಪಾಲಿಸಿಯಲ್ಲೂ ಬರೆದಿರುವುದಿಲ್ಲ.

ಇನ್ನು ಸ್ವಿಚ್ಚಿನ ವಿಷಯ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನಿಂದ ಗಾಡಿಯ ಬಾಡಿಗೆ ಹೋಗುವ ಅರ್ತ್ ಕೇಬಲ್ಲಿನ ನಡುವೆ ಇದನ್ನು ಕೂಡಿಸುತ್ತಾರೆ. ಆಫ್ ಮಾಡಿದರೆ ಇಡೀ ಗಾಡಿಗೆ ಕರೆಂಟಿನ ಸಂಬಂಧವೇ ಕಡಿಯುತ್ತದೆ. ಪಾಸಿಟಿವ್ ಬಿಟ್ಟು ನೆಗೆಟಿವ್ ಕಡೆಗೇ ಹಾಕುವುದಕ್ಕೆ ಕಾರಣವಿದೆ: ಕೆಲಸ ಮಾಡುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಬ್ರಿಟನ್ನಿನಲ್ಲಿ ತಯಾರಾದ ಕೆಲವು ಬಹಳ ಹಳೇ ಕಾರುಗಳಲ್ಲಿ ಮಾತ್ರ ಪಾಸಿಟಿವ್ ತಂತಿಯೇ ಬಾಡಿಗೆ ಕೂಡಿರುತ್ತದೆ; ಅಂಥದರಲ್ಲಿ ಆ ಕಡೆಗೇ ಹಾಕಬೇಕು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು, ಟರ್ಮಿನಲ್ಲಿನ ಮೇಲೆಯೇ ಕೂರುವ, ಗುಬಟು ತಿರುಗಿಸುವ ಇಲ್ಲವೇ ಪಟ್ಟಿ ಎತ್ತಿ ಇಳಿಸುವ ಹಿತ್ತಾಳೆಯ ಸ್ವಿಚ್ಚು. ಇನ್ನೊಂದು, ಬೇರೆ ಕಡೆ ಕೂರಿಸಿ ಕೆಂಪು ಪ್ಲಾಸ್ಟಿಕ್ ಚಾವಿಯಿಂದ ತಿರುಗಿಸುವಂಥದು. ಯಾವುದಾದರೂ ಸರಿ, ತಾಳುವ ಕರೆಂಟು ಎಷ್ಟೆಂದು ಕೇಳದೆ ಕೊಳ್ಳಬಾರದು. ಹೆಡ್‌ಲೈಟಿನ ಒಂದು ಬಲ್ಬು ನಾಲ್ಕೈದು ಆಂಪಿಯರ್ ಎಳೆದರೆ ಸೆಲ್ಫ್ ಮೋಟರು ಪೆಟ್ರೋಲ್ ಕಾರಿನಲ್ಲೇ ನೂರೈವತ್ತು ಇನ್ನೂರು ಆಂಪಿಯರ್ ಎಳೆಯುತ್ತದೆ, ಡೀಸೆಲ್ಲಿನಲ್ಲಿ ಇನ್ನೂ ಹೆಚ್ಚು. ಸ್ವಿಚ್ಚಿನೊಳಗಿನ ಕೂಡುಜಾಗ ಸಡಿಲವಾಗಿ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಬಂದರೂ ಇನ್ನೂರು ಆಂಪಿಯರಿಗೆ ಎರಡು ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಸೆಲ್ಫ್ ಮುಕ್ಕುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಸದಾ ನೂರು ಆಂಪಿಯರನ್ನೂ ಕೆಲವು ಸೆಕೆಂಡಿನ ಮಟ್ಟಿಗೆ ಐನೂರು ಆಂಪಿಯರನ್ನೂ ತಾಳುವ ಸ್ವಿಚ್ಚು, ಗಟ್ಟಿಯಾಗಿ ಒತ್ತಿದ ಲಗ್, ಮೂಲ ಕೇಬಲ್ಲಿನಷ್ಟೇ ದಪ್ಪದ ಕೇಬಲ್ಲು: ಈ ಮೂರರಲ್ಲಿ ಜಿಪುಣತನ ಸಲ್ಲದು.

ಪೆಟ್ರೋಲ್ ಗಾಡಿಗೆ ಈ ಸ್ವಿಚ್ಚು ಒಳ್ಳೆಯ ಕಾವಲು. ಕರೆಂಟಿಲ್ಲದೆ ಕಾಯಿಲ್ ಇಲ್ಲ, ಕಾಯಿಲ್ ಇಲ್ಲದೆ ಕಿಡಿಯಿಲ್ಲ. ನಾಲ್ಕು ಜನ ಸೇರಿ ತಳ್ಳಿದರೂ, ಹ್ಯಾಂಡಲ್ ಹಾಕಿ ತಿರುಗಿಸಿದರೂ ಎಂಜಿನ್ ಉಸಿರೆತ್ತುವುದಿಲ್ಲ. ಆಲ್ಟರ್ನೇಟರ್ ತಾನೇ ಕರೆಂಟು ಹುಟ್ಟಿಸುವುದಲ್ಲವೇ ಎಂದರೆ, ಅದು ಶುರುವಾಗಲಿಕ್ಕೂ ಬ್ಯಾಟರಿಯಿಂದ ಸ್ವಲ್ಪ ಕರೆಂಟು ಕಡ ಬೇಕು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಕೆಲವು ಸ್ವಿಚ್ಚುಗಳ ಜೊತೆ ಫ್ಯೂಸು ಕೂಡಿಸಿದ ಸಣ್ಣ ಬೈಪಾಸ್ ವೈರು ಬರುತ್ತದೆ. ಸ್ವಿಚ್ಚು ಆಫ್ ಆದಾಗಲೂ ಗಡಿಯಾರ, ರೇಡಿಯೊಗಳ ನೆನಪು ಅಳಿಯದಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ಕಾಯಿಲ್ ಎಳೆಯುವುದು ಮೂರರಿಂದ ಐದು ಆಂಪಿಯರ್. ಆ ಫ್ಯೂಸು ಅದಕ್ಕಿಂತ ದೊಡ್ಡದಿದ್ದರೆ ಸೆಲ್ಫ್ ತಿರುಗದಿದ್ದರೂ ತಳ್ಳಿ ಸ್ಟಾರ್ಟ್ ಮಾಡಲು ಅಷ್ಟು ಕರೆಂಟೇ ಸಾಕು. ನೆನಪಿಟ್ಟುಕೊಳ್ಳಬೇಕಾದ ಕಂಪ್ಯೂಟರೇ ಇಲ್ಲದ ಅಂಬಾಸಿಡರಿಗೆ ಈ ಬೈಪಾಸು ಬೇಕಿಲ್ಲ. ಹಾಕಿದ್ದರೆ ಬಿಚ್ಚಿಸುವುದೇ ಲೇಸು.

ಡೀಸೆಲ್ಲಿನ ಕಥೆ ಬೇರೆ, ಹನೂರಿನ ಕಡೆಯವರು ಗಮನವಿಟ್ಟು ಓದಬೇಕಾದ ಭಾಗವೂ ಇದೇ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಳೇ ಜೀಪುಗಳಲ್ಲಿ ಡೀಸೆಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಸ್ಟಾಪ್ ಕೇಬಲ್ ಎಳೆದು ನಿಲ್ಲಿಸುವ ಜೀಪಾದರೆ ಓಡಲು ಬ್ಯಾಟರಿಯ ಅಗತ್ಯವೇ ಇಲ್ಲ. ಬ್ಯಾಟರಿ ಬೇಕಾಗುವುದು ಸೆಲ್ಫಿಗೆ, ದೀಪಕ್ಕೆ, ಚಳಿಯ ಬೆಳಗಿನಲ್ಲಿ ಹೀಟರ್ ಪ್ಲಗ್ಗಿಗೆ. ಬ್ಯಾಟರಿ ಕೆಟ್ಟ ಜೀಪನ್ನು ಇಳಿಜಾರಿನಲ್ಲಿ ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವುದು ಬೆಟ್ಟದ ಡ್ರೈವರುಗಳಿಗೆ ನೀರು ಕುಡಿದಷ್ಟು ಸುಲಭ. ಡ್ರೈವರಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವೇ. ಹಾಗಾಗಿ ಯಳಂದೂರಿನ ಬಯಲಿನಲ್ಲಿ ಒಬ್ಬಂಟಿ ಕಳ್ಳನನ್ನು ತಡೆಯುವ ಅದೇ ಸ್ವಿಚ್ಚು, ಬೆಟ್ಟದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಡೀಸೆಲ್ ಜೀಪನ್ನು ತಡೆಯಲಾರದು. ಬೈಕುಗಳಲ್ಲೂ ಇದೇ ಭೇದವಿದೆ. ಹಳೇ ಗಾಡಿಗಳ ಪೈಕಿ ಇವತ್ತು ಎಲ್ಲರ ಕಣ್ಣೂ ಬೀಳುವ ಯಮಹಾ ಆರ್‌ಎಕ್ಸ್ 100ಕ್ಕೆ ಕಿಡಿ ಬರುವುದು ಎಂಜಿನ್ನಿನೊಳಗಿನ ಮ್ಯಾಗ್ನೆಟ್ಟಿನಿಂದ. ಬ್ಯಾಟರಿ ಕಿತ್ತು ಮನೆಯಲ್ಲಿಟ್ಟರೂ ಒಂದು ಕಿಕ್ಕಿಗೆ ಅದು ಹೊರಡುತ್ತದೆ. ಅದಕ್ಕೆ ಬ್ಯಾಟರಿ ಕಟಾಫ್ ಹಾಕಿಸುವುದು ದುಡ್ಡು ದಂಡ.

ಇಷ್ಟಕ್ಕೇ ಡೀಸೆಲ್ ಜೀಪಿಗೆ ಸ್ವಿಚ್ಚೇ ಬೇಡ ಎನ್ನುವಂತಿಲ್ಲ. ಬೀಗ ಹಾಕಬೇಕಾದ್ದು ಎಂಜಿನ್ನಿನ ಪ್ರಾಣವಿರುವ ಜಾಗಕ್ಕೆ: ಪೆಟ್ರೋಲಿನ ಪ್ರಾಣ ಕಿಡಿಯಲ್ಲಿ, ಡೀಸೆಲ್ಲಿನದು ಎಣ್ಣೆಯಲ್ಲಿ. ಡೀಸೆಲ್ ಜೀಪಿಗೆ ಕಟಾಫ್ ಸ್ವಿಚ್ಚಿನ ಜೊತೆ, ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಕಾಣದ ಕಡೆ ಒಂದು ಟ್ಯಾಪ್ ಕೂಡಿಸಿದರೆ ಕಾವಲು ಪೂರ್ತಿಯಾಗುತ್ತದೆ. ಟ್ಯಾಪ್ ಮುಚ್ಚಿದ ಗಾಡಿ ಪೈಪಿನಲ್ಲಿ ಉಳಿದ ಎಣ್ಣೆ ತೀರುವವರೆಗೆ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಆಮೇಲೆ ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ. ಆ ಗಾಳಿ ತೆಗೆಯದೆ ಗಾಡಿ ಮತ್ತೆ ಹೊರಡುವುದಿಲ್ಲ. ಕರೆಂಟಿನ ಸೊಲೆನಾಯ್ಡ್ ಇರುವ ಪಂಪಾದರೆ ಬ್ಯಾಟರಿ ಸ್ವಿಚ್ಚೇ ಎಣ್ಣೆಯನ್ನೂ ನಿಲ್ಲಿಸುತ್ತದೆ. ತಮ್ಮ ಗಾಡಿಯಲ್ಲಿರುವುದು ಯಾವ ಬಗೆ ಎಂದು ಪಂಪ್ ಮೆಕ್ಯಾನಿಕ್ಕನ್ನು ಕೇಳಿದರೆ ಗೊತ್ತಾಗುತ್ತದೆ. ಇದರ ಮೇಲೆ ಸ್ಟೇರಿಂಗಿಗೆ ಒಂದು ಸರಪಣಿ, ಗೇರಿಗೆ ಒಂದು ಲಾಕು. ನಿಲ್ಲಿಸುವಾಗ ಮೂತಿ ಏರಿನ ಕಡೆಗೆ ಅಥವಾ ಗೋಡೆಗೆ, ಚಕ್ರಕ್ಕೆ ಕಲ್ಲು. ಕಲ್ಲಿಗೆ ಕಾಸಿಲ್ಲ.

ಎರಡನೆಯ ಆಕ್ಷೇಪ ಕಳ್ಳನ ಜಾಣ್ಮೆಯದು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನಿಗೆ ಈ ಸ್ವಿಚ್ಚು ಯಾವ ಲೆಕ್ಕ? ದಪ್ಪ ಕೇಬಲ್ಲೊಂದನ್ನು ನೆಗೆಟಿವ್‌ನಿಂದ ಬಾಡಿಗೆ ಕೂಡಿಸಿದರೆ ಮುಗಿಯಿತು ಎನ್ನುತ್ತಾರೆ. ಮಾತು ನಿಜ. ಆ ಕೆಂಪು ಚಾವಿಗಳ ವಿಷಯದಲ್ಲಂತೂ ಇನ್ನೂ ನಿಜ: ಅಂಗಡಿಯಲ್ಲಿ ಸಿಗುವ ಅಂಥ ಚಾವಿಗಳು ಬಹುತೇಕ ಒಂದೇ ಅಚ್ಚಿನವು, ಒಂದರದು ಇನ್ನೊಂದಕ್ಕೆ ಕೂರುತ್ತದೆ. ಆದ್ದರಿಂದ ಸ್ವಿಚ್ಚಿನ ಬಲ ಇರುವುದು ಅದರ ಚಾವಿಗಿಂತ ಹೆಚ್ಚಾಗಿ ಅದು ಕೂತಿರುವ ಜಾಗದಲ್ಲಿ. ಸೀಟಿನ ಕೆಳಗೆ, ಟೂಲ್ ಬಾಕ್ಸಿನ ಹಿಂದೆ, ಮನೆಯವರಿಗೆ ಮಾತ್ರ ಕೈಗೆಟುಕುವ ಕಡೆ ಇರಬೇಕು. ಕತ್ತಲಲ್ಲಿ ವೈರು ಕೂಡಿಸಿದರೂ ಗಾಡಿ ಹೊರಡದಿದ್ದಾಗ, ಕೆಟ್ಟಿರುವುದು ಬ್ಯಾಟರಿಯೋ ಕಾಯಿಲ್ಲೋ ಪಂಪೋ ಎಂದು ಕಳ್ಳ ಹುಡುಕುತ್ತ ಕೂರಬೇಕಾಗುತ್ತದೆ. ಅವನ ಬಳಿ ಇಲ್ಲದ್ದು ಆ ಸಮಯವೇ. ಕೊಳ್ಳೇಗಾಲ, ಯಳಂದೂರು, ಹನೂರು ತಾಲ್ಲೂಕುಗಳಲ್ಲಿ ಸಮಯಕ್ಕೆ ಇನ್ನೊಂದು ಅರ್ಥವೂ ಇದೆ. ಹನೂರಿನಿಂದ ಮಾದಪ್ಪನ ಬೆಟ್ಟ, ಪಾಲಾರ್ ದಾಟಿದರೆ ಮೆಟ್ಟೂರಿನ ದಾರಿ. ಚಾಮರಾಜನಗರದ ಮೇಲೆ ಹಾಸನೂರು, ದಿಂಬಂ ಘಾಟಿ ಇಳಿದರೆ ಸತ್ಯಮಂಗಲ. ಗಡಿ ದಾಟಿದ ಗಾಡಿಯನ್ನು ಹುಡುಕಲು ಎರಡು ರಾಜ್ಯದ ಪೊಲೀಸರು ಕೈಜೋಡಿಸಬೇಕು. ಆದರೆ ಅದೇ ದಾರಿಗಳಲ್ಲಿ ಅರಣ್ಯದ ಚೆಕ್‌ಪೋಸ್ಟುಗಳಿವೆ, ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮಾಡಿನಲ್ಲೇ ಅರ್ಧ ಗಂಟೆ ಕಳೆದುಕೊಂಡ ಕಳ್ಳನಿಗೆ ನಾಯಿ ಬೊಗಳುವ ಭಯದ ಜೊತೆ ಗೇಟು ಮುಚ್ಚುವ ಭಯವೂ ಸೇರಿಕೊಳ್ಳುತ್ತದೆ.

ಜಿಪಿಎಸ್ ಹಾಕಿಸಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಜಿಪಿಎಸ್ ಒಳ್ಳೆಯದೇ, ಆದರೆ ಅದು ಸುದ್ದಿ ಹೇಳುವುದು ಗಾಡಿ ಹೊರಟ ಮೇಲೆ. ಕೋಟೆ ಸೂರೆಹೋದದ್ದನ್ನು ಬೇಗ ತಿಳಿಸುತ್ತದೆ, ದಿಡ್ಡಿ ಬಾಗಿಲು ಹಾಕುವುದಿಲ್ಲ. ಸುದ್ದಿ ಕಳಿಸಲು ಅದಕ್ಕೆ ಮೊಬೈಲ್ ಸಿಗ್ನಲ್ ಬೇಕು. ಬೆಟ್ಟದ ಮಡಿಲಿನಲ್ಲಿ, ಕಾಡಿನ ನಡುವೆ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ. ಬ್ಯಾಟರಿಯ ತಂತಿ ಕಿತ್ತರೆ, ತನ್ನದೇ ಪುಟ್ಟ ಬ್ಯಾಟರಿಯಿಲ್ಲದ ಜಿಪಿಎಸ್ ಅಲ್ಲಿಗೇ ಮೂಕ. ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಕೂಡ ಸಿಕ್ಕ ಗಾಡಿಯ ಗುರುತು ಹಿಡಿಯಲು ನೆರವಾಗುತ್ತದೆಯೇ ಹೊರತು ಗಾಡಿ ಹೋಗದಂತೆ ಹಿಡಿಯುವುದಿಲ್ಲ. ದುಡ್ಡಿದ್ದವರು ಸ್ವಂತ ಬ್ಯಾಟರಿಯ ಜಿಪಿಎಸ್ಸನ್ನೂ ಸ್ವಿಚ್ಚನ್ನೂ ಒಟ್ಟಿಗೆ ಹಾಕಿಸಲಿ. ಒಂದನ್ನೇ ಆರಿಸಬೇಕಾದವರು ಮೊದಲು ತಡೆಯುವುದನ್ನು ಆರಿಸಬೇಕು.

ಹಳೇ ಗಾಡಿಯ ಅಭಿಮಾನಿಗಳ ಆಕ್ಷೇಪ ಇನ್ನೊಂದು ತೆರನದು: ಅಸಲಿ ರೂಪಕ್ಕೆ ಕೈ ಹಚ್ಚಬಾರದು. ಈ ಕಾಳಜಿಯನ್ನು ಗೌರವಿಸಲೇಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದೂ ಆರ್‌ಸಿಯಲ್ಲಿ ನಮೂದಾದ ವಿವರಗಳು ಬದಲಾಗುವಂಥ ಮಾರ್ಪಾಟನ್ನು. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಕೂರುವ ಸ್ವಿಚ್ಚಿಗೆ ಒಂದು ತೂತೂ ಕೊರೆಯಬೇಕಿಲ್ಲ. ಒಂದು ಸ್ಪ್ಯಾನರಿನಿಂದ ಹಾಕಿದ್ದನ್ನು ಅದೇ ಸ್ಪ್ಯಾನರಿನಿಂದ ಐದು ನಿಮಿಷದಲ್ಲಿ ತೆಗೆಯಬಹುದು. ಬೇರೆ ಜಾಗದಲ್ಲಿ ಕೂರಿಸುವುದಾದರೂ ಮೊದಲೇ ಇರುವ ಬೋಲ್ಟಿಗೆ ಸಣ್ಣ ಪಟ್ಟಿ ಬಿಗಿದರೆ ಸಾಕು. ಡ್ಯಾಶ್‌ಬೋರ್ಡ್ ಕೊರೆಯುವ ಎಲೆಕ್ಟ್ರಿಷಿಯನ್ ಕೈಗೆ ಮಾತ್ರ ಗಾಡಿ ಕೊಡಬಾರದು.

ಕಳ್ಳ ಒಮ್ಮೆಯೂ ಬರಲಿಲ್ಲ ಎಂದಿಟ್ಟುಕೊಳ್ಳೋಣ, ಆಗಲೂ ಈ ಖರ್ಚು ದಂಡವಲ್ಲ. ಹಳೇ ವೈರಿಂಗಿನ ಮೇಲ್ಹೊದಿಕೆ ಒಣಗಿ ಉದುರುತ್ತಿರುತ್ತದೆ. ಅಲ್ಲಲ್ಲಿ ಕರೆಂಟು ಜಿನುಗಿ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ಇಳಿದ ಸ್ಥಿತಿಯಲ್ಲೇ ಬಿಟ್ಟ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಬಲ ಬರುವುದಿಲ್ಲ. ಹುಲ್ಲಿನ ಮೆದೆಯ ಪಕ್ಕದ ಮಾಡಿನಲ್ಲಿ ಇಲಿ ವೈರು ಕಡಿದು ಶಾರ್ಟ್ ಆದರೆ ಸುಡುವುದು ಗಾಡಿಯೊಂದೇ ಅಲ್ಲ. ಸ್ವಿಚ್ಚು ಆಫ್ ಆಗಿದ್ದರೆ ಈ ಎರಡೂ ಭಯವಿಲ್ಲ. ಆದರೆ ಬಳಸುವ ಕ್ರಮ ತಪ್ಪಬಾರದು: ಎಂಜಿನ್ ನಿಲ್ಲಿಸಿದ ಮೇಲೆಯೇ ಸ್ವಿಚ್ಚು ತಿರುಗಿಸಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಕಡಿದರೆ ಆಲ್ಟರ್ನೇಟರಿನ ವೋಲ್ಟೇಜು ಒಮ್ಮೆಲೇ ಏರಿ ಅದರ ಡಯೋಡುಗಳು ಸುಡಬಹುದು. ಎಂಜಿನ್ನೂ ತಕ್ಷಣ ನಿಲ್ಲದೆ ಇರಬಹುದು, ಏಕೆಂದರೆ ಆಲ್ಟರ್ನೇಟರೇ ಕಾಯಿಲ್‌ಗೆ ಕರೆಂಟು ಕೊಡುತ್ತಿರುತ್ತದೆ. ಇನ್ನು ಬ್ಯಾಟರಿಯನ್ನೇ ಎತ್ತಿಕೊಂಡು ಹೋಗುವ ಕಳ್ಳನಿಗೆ ಸ್ವಿಚ್ಚು ಅಡ್ಡ ಬರುವುದಿಲ್ಲ. ಅದಕ್ಕೆ ಬ್ಯಾಟರಿಯ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಬೀಗ ಬೇಕು.

ಸ್ವಿಚ್ಚಿನ ದೊಡ್ಡ ಶತ್ರು ಕಳ್ಳನಿಗಿಂತ ಒಡೆಯನ ಮರೆವು. ಈಗ ಬಂದೆ, ಐದು ನಿಮಿಷ ಎಂದು ಆಫ್ ಮಾಡದೆ ಬಿಟ್ಟ ಸ್ವಿಚ್ಚು ಇದ್ದೂ ಇಲ್ಲದಂತೆ. ಚಿಕ್ಕಲ್ಲೂರು ಜಾತ್ರೆಯಲ್ಲಿ, ಶಿವರಾತ್ರಿ ಯುಗಾದಿ ದೀಪಾವಳಿಗೆ ಮಾದಪ್ಪನ ಬೆಟ್ಟದಲ್ಲಿ, ಬಯಲಿನಲ್ಲೋ ಹೊಲದ ಬದುವಿನಲ್ಲೋ ರಾತ್ರಿಯಿಡೀ ಸಾಲುಗಟ್ಟಿ ನಿಲ್ಲುವ ಗಾಡಿಗಳ ನಡುವೆ ಕಳ್ಳ ಹುಡುಕುವುದು ತೀರ ಸುಲಭದ ಒಂದನ್ನು. ಗಾಡಿ ಇಳಿದವರು ಕೈಮುಗಿಯಲು ಹೋಗುವ ಮುಂಚೆ ಮಾಡಬೇಕಾದ ಕೆಲಸ ಮೂರೇ: ಸೀಟಿನ ಕೆಳಗೆ ಕೈಹಾಕಿ ಗುಬಟು ತಿರುಗಿಸುವುದು, ಡೀಸೆಲ್ಲಾದರೆ ಟ್ಯಾಪ್ ಮುಚ್ಚುವುದು, ನೆಲ ಓರೆಯಿದ್ದರೆ ಚಕ್ರಕ್ಕೊಂದು ಕಲ್ಲು ಕೊಡುವುದು. ಇವಿಷ್ಟೂ ಚಪ್ಪಲಿ ಬಿಡುವಷ್ಟೇ ಸಲೀಸಾಗಿ ಕೈಗೆ ರೂಢಿಯಾದರೆ, ದೇವಸ್ಥಾನದ ಸಾಲಿನಲ್ಲಿ ನಿಂತವರ ಮನಸ್ಸು ಪದೇ ಪದೇ ಹೊಲದ ಬದುವಿಗೆ ಓಡಿಹೋಗುವುದಿಲ್ಲ.